ಊರಲ್ಲಿರುವ ಪುಸ್ತಕ ಮುಂಬಯಿಗೆ ತರಿಸಿಕೊಳ್ಳುವುದು ಹೇಗೆ?

ಡೊಂಬಿವಲಿಯಲ್ಲಿ ಕೂತು ಪಿಎಚ್.ಡಿ. ಮಾಡುವವರಿಗೆ ಬೇಕಾದ ಕನ್ನಡ ಪುಸ್ತಕ ಧಾರವಾಡದ ಯಾವುದೋ ಕಪಾಟಿನಲ್ಲಿರುತ್ತದೆ. ಅಂಗಡಿಯಲ್ಲಿ ಸಿಗದು, ಮರುಮುದ್ರಣವೂ ಆಗಿಲ್ಲ. ಸುಮ್ನೆ ರೈಲು ಹತ್ತಬೇಡಿ. ಲೈಬ್ರರಿಗಳು ಒಂದಕ್ಕೊಂದು ಪುಸ್ತಕ ಎರವಲು ಕೊಡುತ್ತವೆ. ಆದರೆ ಕೊಡುವುದು ನಿಮಗಲ್ಲ, ನಿಮ್ಮ ಲೈಬ್ರರಿಗೆ. ಹಾಗಾಗಿ ಮೊದಲು ಒಂದು ಲೈಬ್ರರಿಯ ಸದಸ್ಯರಾಗಿ. ಕಾಲೇಜು, ವಿಶ್ವವಿದ್ಯಾಲಯದ್ದಾದರೆ ಕೆಲಸ ಸಲೀಸು.

ಆಮೇಲೆ ಹತ್ತಿರದಲ್ಲೇ ಹುಡುಕಿ. ಕಲಿನಾದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೇ ಇದೆ. ಹಾಗೆಯೇ, 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪ್ರತಿ ಹೊಸ ಪುಸ್ತಕದ ಒಂದೊಂದು ಪ್ರತಿಯನ್ನು ನಾಲ್ಕು ಲೈಬ್ರರಿಗಳಿಗೆ ಕಳಿಸಬೇಕು. ಕೋಲ್ಕತ್ತ, ಚೆನ್ನೈ, ದೆಹಲಿ ಬಿಟ್ಟರೆ ನಾಲ್ಕನೆಯದು ನಮ್ಮ ಫೋರ್ಟ್‌ನ ಟೌನ್‌ಹಾಲ್ ಆವರಣದ ಸೆಂಟ್ರಲ್ ಲೈಬ್ರರಿ. ಕನ್ನಡಕ್ಕೂ ಈ ನಿಯಮ ಅನ್ವಯಿಸುತ್ತದೆ. ಎಲ್ಲರೂ ಕಳಿಸುತ್ತಾರೆ ಅಂತಲ್ಲ, ಕೇಳಿದರೆ ನಷ್ಟವೂ ಇಲ್ಲ ಅಲ್ವಾ?

ಅಲ್ಲಿಯೂ ಇಲ್ಲವಾದರೆ ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಸಂಸ್ಥೆಯಾದ ಇನ್‌ಫ್ಲಿಬ್‌ನೆಟ್‌ನ ‘ಇಂಡ್‌ಕ್ಯಾಟ್’ ತೆರೆಯಿರಿ. ದೇಶದ ವಿಶ್ವವಿದ್ಯಾಲಯಗಳ ಪುಸ್ತಕಪಟ್ಟಿ ಅಲ್ಲಿ ಒಟ್ಟಿಗೆ ಸಿಗುತ್ತದೆ. ಕನ್ನಡದವರು ಸೋಲುವುದು ಇಲ್ಲೇ. ‘ಶಿವರಾಮ’ ಎಂಬ ಹೆಸರು ಒಂದು ಕಡೆ ‘ಎಸ್ ಐ’ ಎಂದು ಶುರುವಾದರೆ ಇನ್ನೊಂದು ಕಡೆ ‘ಎಸ್ ಎಚ್ ಐ’. ಇನಿಷಿಯಲ್ ಹಿಂದೆ ಬರುತ್ತದೋ ಮುಂದೋ, ಅದೂ ಗ್ಯಾರಂಟಿ ಇಲ್ಲ. ಒಂದು ಸಲ ಹುಡುಕಿ ‘ಇಲ್ಲ’ ಅನ್ನಬೇಡಿ. ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ಶೀರ್ಷಿಕೆಯ ಒಂದೇ ಪದ ಕೊಟ್ಟು, ಹೀಗೆ ತಿರುಗಿಸಿ ಮುರುಗಿಸಿ ಹುಡುಕಿ.

ಸಿಕ್ಕ ಮೇಲೆ ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಮುದ್ರಣ, ಯಾವ ಲೈಬ್ರರಿ, ಕಾಲ್ ನಂಬರ್ (ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ತೋರಿಸುವ ಸಂಖ್ಯೆ) ಎಲ್ಲ ಬರೆದು ನಿಮ್ಮ ಲೈಬ್ರರಿಯನ್‌ಗೆ ಕೊಡಿ. ಅವರ ಲೈಬ್ರರಿ 1988ರಲ್ಲಿ ದೆಹಲಿಯಲ್ಲಿ ಶುರುವಾದ ಲೈಬ್ರರಿಗಳ ಜಾಲ ಡೆಲ್‌ನೆಟ್‌ನ ಸದಸ್ಯವಾಗಿದ್ದರೆ ಬೇಡಿಕೆ ಆ ದಾರಿಯಲ್ಲೂ ಹೋಗಬಹುದು. ಇಲ್ಲದಿದ್ದರೆ ನಿಮ್ಮ ಲೈಬ್ರರಿಯ ಲೆಟರ್‌ಹೆಡ್‌ನಲ್ಲಿ ಪುಸ್ತಕ ಇರುವ ಲೈಬ್ರರಿಗೆ ಒಂದು ಪತ್ರ.

ಲೈಬ್ರರಿಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾದ ಸೂತ್ರ ಇಲ್ಲಿ ಮುಖ್ಯ: ಪುಸ್ತಕ ಅಲ್ಲಿಂದ ಹೊರಟು ವಾಪಸ್ ತಲುಪುವವರೆಗೆ ಜವಾಬ್ದಾರಿ ತರಿಸಿಕೊಂಡ ಲೈಬ್ರರಿಯದ್ದು. ದಾರಿಯಲ್ಲಿ ಕಳೆದರೂ ಅಷ್ಟೇ. ‘ಲೈಬ್ರರಿಯಲ್ಲೇ ಕೂತು ಓದಬೇಕು’ ಎಂದು ಪುಸ್ತಕ ಕೊಟ್ಟ ಲೈಬ್ರರಿ ಹೇಳಿದ್ದರೆ ಮನೆಗೆ ಒಯ್ಯುವಂತಿಲ್ಲ. ನನಗಂತೂ ಇದು ನ್ಯಾಯವೇ ಅನ್ನಿಸುತ್ತದೆ.

ಹಳೆಯ, ಪುಡಿಯಾಗುತ್ತಿರುವ ಪುಸ್ತಕವನ್ನು ಯಾರೂ ಕಳಿಸುವುದಿಲ್ಲ. ಆಗ ಬೇಕಾದ ಅಧ್ಯಾಯದ ಸ್ಕ್ಯಾನ್ ಕೇಳಿ. ಸ್ವಂತ ಸಂಶೋಧನೆಗೆ ಮಿತವಾಗಿ ನಕಲು ಮಾಡಿಕೊಳ್ಳಲು 1957ರ ಕಾಪಿರೈಟ್ ಕಾಯ್ದೆ ಬಿಡುತ್ತದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವನ್ನು ಸಾರ್ವಜನಿಕ ಲೈಬ್ರರಿ ತನ್ನ ಬಳಕೆಗೆಂದು ಮೂರು ಪ್ರತಿಯವರೆಗೆ ನಕಲು ಮಾಡಿಟ್ಟುಕೊಳ್ಳಲೂಬಹುದು. ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದರೆ ಸಾಮಾನ್ಯವಾಗಿ ಈ ತಲೆನೋವೇ ಇಲ್ಲ.

ಕನ್ನಡ ಸಂಘಗಳ ಕಪಾಟುಗಳೂ ಹೀಗೆ ಕೊಟ್ಟು ತೆಗೆದುಕೊಳ್ಳಬಹುದು. ಒಂದು ಪುಟದ ಒಪ್ಪಂದ ಸಾಕು: ಎಷ್ಟು ಪುಸ್ತಕ, ಎಷ್ಟು ದಿನ, ಅಂಚೆ ಖರ್ಚು ಯಾರದ್ದು, ಕಳೆದರೆ ಏನು. ಬಾಯಿಮಾತಿನ ಒಪ್ಪಂದ ಕಾರ್ಯದರ್ಶಿ ಬದಲಾದ ದಿನವೇ ಮುಗಿಯುತ್ತದೆ. ಕಳಿಸುವ ಮೊದಲು ರಕ್ಷಾಪುಟ, ಹರಿದ ಹಾಳೆಗಳ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತದೆ ಪಾರ್ಸೆಲ್ ಮಾಡಲೇಬೇಡಿ. ಅವಧಿ ಸಾಲದಿದ್ದರೆ ಕೊನೆಯ ದಿನಾಂಕಕ್ಕೆ ಮೊದಲೇ ಕೇಳಿ. ದಾಟಿದ ಮೇಲೆ ಕೇಳಿದರೆ ಮುಂದಿನ ಪುಸ್ತಕಕ್ಕೆ ಅವರು ‘ಇಲ್ಲ’ ಅನ್ನುವ ಸಂಭವವೇ ಜಾಸ್ತಿ.