ಜಜ್ಜಿಹೋದ ಚೂರುಗಳಲ್ಲಿ ಸಿಕ್ಕ ಅಪರೂಪದ ಗಡ್ಡೆ

ಅಂಗಾಂಶ ನೋಡಿ ರೋಗ ಗುರುತಿಸುವ ಪೆಥಾಲಜಿಸ್ಟ್ ಆದ ನನ್ನ ಬಳಿಗೆ, ಮೂತ್ರಕೋಶದಿಂದ ಒಳಗೆ ತೂರಿಸುವ ದೂರ್ಬೀನಿನ (ಎಂಡೋಸ್ಕೋಪ್) ಮೂಲಕ ಕೆರೆದು ತೆಗೆದ ಆ ಚೂರುಗಳ ಜೊತೆ ಬಂದ ಕೋರಿಕೆ ಪತ್ರದಲ್ಲಿ, ರೋಗಿ ವಯಸ್ಸಾದ ಪುರುಷ, ಧೂಮಪಾನಿ, ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದಷ್ಟೇ ಇತ್ತು. ಇಂಥ ವಿವರದೊಡನೆ ಬರುವ ಗಡ್ಡೆಗಳಲ್ಲಿ ಬಹುಪಾಲು ಯುರೋಥೀಲಿಯಲ್ ಕಾರ್ಸಿನೋಮಾ, ಅಂದರೆ ಮೂತ್ರಕೋಶದ ಒಳಮೈ ಪದರದ ಕ್ಯಾನ್ಸರ್; ನರ ಮತ್ತು ಹಾರ್ಮೋನ್ ಕೋಶಗಳ ಗುಣ ತೋರುವ ಸಣ್ಣ ಜೀವಕೋಶಗಳ ಕ್ಯಾನ್ಸರ್ ಆದ ಸ್ಮಾಲ್ ಸೆಲ್ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಶೇ. 1ರಷ್ಟೂ ಇಲ್ಲ.

ಮೊದಲ ಸ್ಲೈಡಿನಲ್ಲಿ ಕಂಡದ್ದು ಜಜ್ಜಿ ಎಳೆದಂತಾಗಿದ್ದ ನೀಲಿ ಗೆರೆಗಳು ಮತ್ತು ಕಾಟರಿಯ ವಿದ್ಯುತ್ ಶಾಖದಿಂದ ಸುಟ್ಟ ಅಂಚುಗಳು ಮಾತ್ರ. ಲಿಂಫೋಮಾ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಗಡ್ಡೆ) ಇರಬಹುದೆಂದು ನನಗೆ ತೋರಿತು. ಆದರೆ ಆ ಚೂರುಗಳ ಮೇಲೆಯೇ ಮಾರ್ಕರ್‌ಗಳನ್ನು (ಜೀವಕೋಶದ ಪ್ರೋಟೀನುಗಳನ್ನು ಬಣ್ಣದಿಂದ ತೋರಿಸುವ ಪರೀಕ್ಷೆಗಳನ್ನು) ಹಾಕಿಸುವ ಬದಲು, ಡಬ್ಬಿಯಲ್ಲಿ ಉಳಿದಿದ್ದ ಅಂಗಾಂಶವನ್ನೆಲ್ಲ ತೆಳುವಾಗಿ ಕೊಯ್ದು ನೋಡಲು ಮೇಣದ ಬ್ಲಾಕ್ ಮಾಡಿಸಿದೆ. ಮೂರನೆಯ ಬ್ಲಾಕಿನ ಒಂದು ಮೂಲೆಯಲ್ಲಿ ಕೆಡದೆ ಉಳಿದ ಜೀವಕೋಶಗಳು ಸಿಕ್ಕವು: ಸೈಟೋಪ್ಲಾಸಂ (ಕೋಶಕೇಂದ್ರದ ಸುತ್ತಲಿನ ದ್ರವ್ಯ) ಇಲ್ಲವೆನ್ನುವಷ್ಟು ಕಡಿಮೆ, ಒಂದಕ್ಕೊಂದು ಒತ್ತಿ ಆಕಾರ ಬದಲಿಸಿಕೊಂಡ ಕೋಶಕೇಂದ್ರಗಳು, ಉಪ್ಪು ಮೆಣಸಿನ ಪುಡಿ ಚೆಲ್ಲಿದಂಥ ಕ್ರೊಮಾಟಿನ್ (ಕೋಶಕೇಂದ್ರದ ಡಿಎನ್ಎ ದ್ರವ್ಯ), ಎಲ್ಲೆಡೆ ಮೈಟೋಸಿಸ್ (ಕೋಶ ವಿಭಜನೆ) ಮತ್ತು ನೆಕ್ರೋಸಿಸ್ (ಸತ್ತ ಅಂಗಾಂಶ). ರೋಗನಿರ್ಣಯದ ಮುಕ್ಕಾಲು ಭಾಗ ಅಲ್ಲಿಯೇ ಮುಗಿದಿತ್ತು.

ನ್ಯೂರೋಎಂಡೋಕ್ರೈನ್ ಗುಣ ತೋರಿಸುವ ಮಾರ್ಕರುಗಳಲ್ಲಿ ಸಿನಾಪ್ಟೋಫೈಸಿನ್ ಚೆನ್ನಾಗಿ ಬಂತು, ಕ್ರೋಮೋಗ್ರಾನಿನ್ ಅಲ್ಲೊಂದು ಇಲ್ಲೊಂದು ಜೀವಕೋಶದಲ್ಲಿ ಮಾತ್ರ. ಕಾರ್ಸಿನೋಮಾವನ್ನು ಸೂಚಿಸುವ ಸೈಟೋಕೆರಾಟಿನ್ (ಕೆರಾಟಿನ್) ಚುಕ್ಕೆಯ ರೂಪದಲ್ಲಿ ಕಂಡಿತು, ಲಿಂಫೋಮಾದ ಮಾರ್ಕರ್ ಬರಲಿಲ್ಲ. ಕೆರಾಟಿನನ್ನು ನಾನು ಎಂದೂ ಬಿಡುವುದಿಲ್ಲ. ಮೂತ್ರಕೋಶದ ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಇನ್ನೊಂದು ನ್ಯೂರೋಎಂಡೋಕ್ರೈನ್ ಗಡ್ಡೆಯಲ್ಲೂ, ಯುರೋಥೀಲಿಯಲ್ ಗಡ್ಡೆಗಳಲ್ಲಿ ಕಾಣುವ ಗಾಟಾ-3 ಮಾರ್ಕರ್ ಬರುವುದರಿಂದ ಅದನ್ನು ಯುರೋಥೀಲಿಯಲ್ ಗಡ್ಡೆಯೆಂದು ಭ್ರಮಿಸುವುದು ಸುಲಭ, ಕೆರಾಟಿನ್ ಇಲ್ಲದಿರುವುದೇ ಅಲ್ಲಿ ಎಚ್ಚರಿಸುತ್ತದೆ.

ತೊಡಕಾದದ್ದು ಶ್ವಾಸಕೋಶದ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಬರುವ ಟಿಟಿಎಫ್-1 ಮಾರ್ಕರ್. ಅದು ಪಾಸಿಟಿವ್ ಬಂದಾಗ ಸಹೋದ್ಯೋಗಿಯೊಬ್ಬರು ಇದು ಶ್ವಾಸಕೋಶದಿಂದ ಹರಡಿದ್ದೆಂದು ವಾದಿಸಿದರು. ಮೂತ್ರಕೋಶದಲ್ಲೇ ಹುಟ್ಟಿದ ಸ್ಮಾಲ್ ಸೆಲ್ ಕಾರ್ಸಿನೋಮಾಗಳಲ್ಲೂ ಈ ಮಾರ್ಕರ್ ಸಾಕಷ್ಟು ಬಾರಿ ಬರುವುದರಿಂದ ಅದೊಂದರಿಂದಲೇ ಮೂಲವನ್ನು ತೀರ್ಮಾನಿಸಲಾಗದು. ಮತ್ತೆ ಸ್ಲೈಡುಗಳಿಗೆ ಮರಳಿ ಹುಡುಕಿದಾಗ ಒಂದು ಚೂರಿನ ಮೇಲ್ಪದರದಲ್ಲಿ ಯುರೋಥೀಲಿಯಲ್ ಕಾರ್ಸಿನೋಮಾ ಇನ್ ಸಿಟು, ಅಂದರೆ ಇನ್ನೂ ಒಳಗೆ ನುಗ್ಗದ ಕ್ಯಾನ್ಸರ್, ಕಂಡಿತು. ಗಡ್ಡೆ ಮೂತ್ರಕೋಶದಲ್ಲೇ ಹುಟ್ಟಿದ್ದೆನ್ನಲು ನನ್ನ ಪಾಲಿಗೆ ಅದು ಯಾವ ಮಾರ್ಕರಿಗಿಂತಲೂ ಗಟ್ಟಿಯಾದ ಸಾಕ್ಷಿ. ಎದೆಯ ಸ್ಕ್ಯಾನಿನಲ್ಲಿಯೂ ಗಡ್ಡೆ ಇರಲಿಲ್ಲ. ಪ್ರಾಸ್ಟೇಟ್ ಕಡೆಯಿಂದ ಬಂದಿರುವ ಸಾಧ್ಯತೆಯನ್ನು ಮೂತ್ರರೋಗ ತಜ್ಞರೊಂದಿಗೆ ಚರ್ಚಿಸಿಯೇ ಕೈಬಿಟ್ಟೆವು.

ವರದಿಯಲ್ಲಿ ಸ್ಮಾಲ್ ಸೆಲ್ ಭಾಗದ ಶೇಕಡಾವಾರು ಪ್ರಮಾಣವನ್ನೂ ಸ್ನಾಯುಪದರದೊಳಗೆ ಗಡ್ಡೆ ನುಗ್ಗಿರುವುದನ್ನೂ ಬರೆದೆ. ಸ್ಮಾಲ್ ಸೆಲ್ ಅಂಶವಿದ್ದರೆ ನೇರವಾಗಿ ಮೂತ್ರಕೋಶ ತೆಗೆಯುವ ಬದಲು ಪ್ಲಾಟಿನಂ ಮತ್ತು ಎಟೊಪೊಸೈಡ್ ಕೀಮೋಥೆರಪಿಯನ್ನು ಮೊದಲು ಕೊಡುವುದು ರೂಢಿಯಾದ್ದರಿಂದ, ವರದಿ ತಲುಪುವ ಮೊದಲೇ ಫೋನ್ ಮಾಡಿ ತಿಳಿಸಿದೆ. ಕೆಲವು ತಿಂಗಳ ನಂತರ, ಕೀಮೋಥೆರಪಿಯ ಬಳಿಕ ತೆಗೆದ ಆ ಮೂತ್ರಕೋಶ ನನ್ನಲ್ಲಿಗೇ ಬಂತು. ಗಾಯದ ಕಲೆಯನ್ನು ಪೂರ್ತಿಯಾಗಿ ಬ್ಲಾಕ್ ಮಾಡಿ ನೋಡಿದರೂ ಸ್ಮಾಲ್ ಸೆಲ್ ಗಡ್ಡೆ ಸಿಗಲಿಲ್ಲ. ಮೇಲ್ಪದರದ ಇನ್ ಸಿಟು ಭಾಗ ಮಾತ್ರ ಇನ್ನೂ ಉಳಿದಿತ್ತು.