ನಗದೆ ನಿಂತವನ ಬಲ: ಹಾಸ್ಯಪಾತ್ರದ ನನ್ನ ಅನುಭವ

ಕಂಪನಿ ನಾಟಕದಲ್ಲಿ ಹಾಸ್ಯಪಾತ್ರಕ್ಕೆ ನಿಂತವನು ಮೊದಲು ಬಾಯಿಪಾಠ ಮಾಡಬೇಕಾದದ್ದು ತನ್ನ ಮಾತನ್ನಲ್ಲ, ಎದುರಿನವನ ಮಾತನ್ನು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಉತ್ತರ ಕರ್ನಾಟಕದ ಒಂದು ವೃತ್ತಿ ನಾಟಕ ಕಂಪನಿಗೆ ಸೇರಿದಾಗ ನನಗೆ ಸಿಕ್ಕ ಕೆಲಸ ಪರದೆ ಎಳೆಯುವುದು ಮತ್ತು ಸೈಡ್ ವಿಂಗಿನಲ್ಲಿ ನಿಂತು ಪ್ರಾಂಪ್ಟ್ ಮಾಡುವುದು, ಅಂದರೆ ನಟರು ಮರೆತ ಮಾತನ್ನು ಮೆಲ್ಲಗೆ ಎತ್ತಿಕೊಡುವುದು. ಪ್ರಾಂಪ್ಟರನಿಗೆ ಎಲ್ಲರ ಮಾತೂ ಗೊತ್ತಿರಬೇಕು. ಯಾರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದೂ ಗೊತ್ತಿರಬೇಕು. ಪುಸ್ತಕ ಹಿಡಿದು ಹಾಗೆ ನಿಲ್ಲುತ್ತ ನಿಲ್ಲುತ್ತ ನನ್ನ ಗಮನಕ್ಕೆ ಬಂದದ್ದೇನೆಂದರೆ, ಜನ ನಗುವುದು ಹಾಸ್ಯಗಾರನ ಮಾತಿಗೆ ಎಂದು ಮೇಲ್ನೋಟಕ್ಕೆ ಕಂಡರೂ ಆ ನಗೆಯ ಸಿದ್ಧತೆಯೆಲ್ಲ ಅದಕ್ಕೂ ಹಿಂದಿನ ಮಾತಿನಲ್ಲಿ, ನಗದೆ ನಿಂತವನ ಬಾಯಲ್ಲಿ, ಮುಗಿದಿರುತ್ತದೆ. ಗೌಡನ ಪಾತ್ರಧಾರಿ ತನ್ನ ಸಿಟ್ಟನ್ನು ಪೂರ್ತಿ ನಂಬಿ ಮಾತಾಡಿದ ರಾತ್ರಿ ಆಳಿನ ಪಾತ್ರದವನ ಒಂದೇ ಒಂದು ‘ಹೌದ್ರೀ’ಗೆ ಇಡೀ ಥಿಯೇಟರು ನಗುತ್ತಿತ್ತು. ಅದೇ ಗೌಡ ತಾನೂ ತುಟಿಯಂಚಿನಲ್ಲಿ ನಕ್ಕುಬಿಟ್ಟ ರಾತ್ರಿ ಅದೇ ‘ಹೌದ್ರೀ’ ಸಪ್ಪೆಯಾಗುತ್ತಿತ್ತು.

ನನಗೆ ಸಿಕ್ಕ ಮೊದಲ ದೊಡ್ಡ ಹಾಸ್ಯಪಾತ್ರ ಹರಿಶ್ಚಂದ್ರ ನಾಟಕದ ನಕ್ಷತ್ರಿಕ. ರಾಜ್ಯ ಕಳೆದುಕೊಂಡು ಹೆಂಡತಿ ಮಗನೊಡನೆ ಕಾಶಿಯ ದಾರಿ ಹಿಡಿದ ಅರಸನ ಬೆನ್ನಿಗೆ ಬಿದ್ದು, ವಿಶ್ವಾಮಿತ್ರನಿಗೆ ಸಲ್ಲಬೇಕಾದ ಹಣವನ್ನು ವಸೂಲು ಮಾಡಲು ಬಂದ ಶಿಷ್ಯ ಅವನು. ಈ ಪಾತ್ರವನ್ನು ಕೋಡಂಗಿಯಂತೆ ಕುಣಿದಾಡಿ ತೋರಿಸುವ ರೂಢಿ ಅನೇಕ ಕಡೆ ಇದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾನು ಅವನನ್ನು ಕೊಟ್ಟ ಕೆಲಸವನ್ನು ಚಾಚೂ ತಪ್ಪದೆ ಮಾಡುವ ವಸೂಲಿಗಾರನಂತೆ ಕಂಡೆ. ಅವನ ಲೆಕ್ಕದಲ್ಲಿ ಅವನು ಕೇಳುವುದೆಲ್ಲ ನ್ಯಾಯವೇ. ಕಾಲು ನೋಯುತ್ತದೆ, ಹೊತ್ತುಕೊಳ್ಳಿ ಎನ್ನುವಾಗಲೂ ಅವನಿಗೆ ಅದು ತಮಾಷೆಯಲ್ಲ. ಹೀಗೆ ನಿರ್ಧರಿಸಿದ ಮೇಲೆ ಪ್ರೇಕ್ಷಕರ ಕಡೆ ತಿರುಗಿ ಕಣ್ಣು ಮಿಟುಕಿಸುವುದು, ನಾಲಿಗೆ ಕಚ್ಚುವುದು ಮೊದಲಾದ ಚೇಷ್ಟೆಗಳನ್ನೆಲ್ಲ ಬಿಟ್ಟೆ. ಹರಿಶ್ಚಂದ್ರನ ಪಾತ್ರ ಮಾಡುತ್ತಿದ್ದ ಹಿರಿಯರನ್ನು ತಾಲೀಮಿನಲ್ಲಿ ನಾನು ಕೇಳಿಕೊಂಡದ್ದು ಒಂದೇ: ‘ಅಣ್ಣಾರ, ನನ್ನ ಮಾತು ಮುಗಿಯೂತನಕ ನೀವು ನನ್ನ ಮಾರಿ ನೋಡಬ್ಯಾಡ್ರಿ.’ ಅವರು ಎಲ್ಲೋ ದೂರಕ್ಕೆ ದೃಷ್ಟಿ ಇಟ್ಟು ನಿಂತಿರುತ್ತಿದ್ದರು, ನಾನು ಕೊನೆಯ ಶಬ್ದ ಹೇಳಿದ ಮೇಲೆ ನಿಧಾನವಾಗಿ ನನ್ನತ್ತ ತಿರುಗುತ್ತಿದ್ದರು. ನಗೆ ಏಳುತ್ತಿದ್ದದ್ದು ಅವರು ತಿರುಗಿದಾಗ.

ಎದ್ದ ನಗೆಯನ್ನು ಏನು ಮಾಡಬೇಕು ಎಂಬುದು ಬೇರೆಯೇ ಅಭ್ಯಾಸ. ನಗೆ ಪೂರ್ತಿ ನಿಲ್ಲುವವರೆಗೆ ಕಾದರೆ ದೃಶ್ಯ ಜೋತುಬೀಳುತ್ತದೆ. ಅದು ಏರುತ್ತಿರುವಾಗಲೇ ಮಾತಾಡಿದರೆ ನಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ, ಮೇಲಾಗಿ ಮುಂದಿನ ಮಾತು ತಪ್ಪಿಹೋಗುತ್ತದೆಂಬ ಅಂಜಿಕೆಯಿಂದ ಜನ ನಗುವುದನ್ನೇ ನಿಲ್ಲಿಸುತ್ತಾರೆ. ಸದ್ದು ತುದಿಗೇರಿ ಇಳಿಯತೊಡಗಿದಾಗ ಬಾಯಿ ತೆರೆಯಬೇಕು, ಮತ್ತು ಹಾಗೆ ತೆರೆದಾಗ ಆಡುವ ಮೊದಲೆರಡು ಶಬ್ದಗಳು ಕಳೆದುಹೋದರೂ ನಷ್ಟವಿಲ್ಲದಂಥವಾಗಿರಬೇಕು. ‘ಅಲ್ಲ ಮಹಾರಾಜರೇ, ನಾನು ಕೇಳುವುದೇನೆಂದರೆ’ ಎಂದು ನಾನು ನನ್ನ ಮಾತುಗಳ ಮೊದಲಿಗೆ ಸೇರಿಸಿಕೊಂಡ ಬಾಲಂಗೋಚಿಗಳೆಲ್ಲ ಈ ಕಾರಣಕ್ಕೆ ಹುಟ್ಟಿದವು. ಹಾರ್ಮೋನಿಯಂ ಮೇಷ್ಟ್ರಿಗೂ ತಬಲಾದವರಿಗೂ ಈ ಲೆಕ್ಕ ನಟರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ನನ್ನ ಪಾಠದ ಅರ್ಧ ಅವರಿಂದ ಬಂದದ್ದು.

1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ನಕ್ಷತ್ರಿಕನಾದವರು ನರಸಿಂಹರಾಜು, ಹರಿಶ್ಚಂದ್ರನಾದವರು ರಾಜಕುಮಾರ್. ಆ ಚಿತ್ರವನ್ನು ನಾನು ಪಾಠವೆಂದೇ ನೋಡಿದ್ದೇನೆ. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಅವರು ಚಿಕ್ಕ ಹುಡುಗನಾಗಿದ್ದಾಗಲೇ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವರು, 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗಕ್ಕೆ ಬಂದವರು. ರಾಜಕುಮಾರ್ ನಾಯಕರಾದದ್ದೂ ಅದೇ ಚಿತ್ರದಲ್ಲಿ. ಇಬ್ಬರೂ ಗುಬ್ಬಿ ಕಂಪನಿಯಲ್ಲಿ ದುಡಿದವರು. ಆ ಕಂಪನಿಯ ಒಡೆಯರಾದ ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯನಟರು, ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದವರು. ಅಂಥ ಕಡೆ ಪಳಗಿದ ಇಬ್ಬರು ಒಂದೇ ಚೌಕಟ್ಟಿನಲ್ಲಿ ನಿಂತಾಗ ನರಸಿಂಹರಾಜು ಅವರ ಉಬ್ಬುಹಲ್ಲು, ಬಡಕಲು ಮೈ, ಚುರುಕು ಮಾತುಗಳಷ್ಟೇ ಕೆಲಸ ಮಾಡುವುದಿಲ್ಲ; ರಾಜಕುಮಾರ್ ಅವರ ಮುಖದ ಅಲುಗದ ನೋವೂ ಕೆಲಸ ಮಾಡುತ್ತದೆ. ಆ ನೋವನ್ನು ತೆಗೆದುಬಿಟ್ಟರೆ ನಕ್ಷತ್ರಿಕ ಬರಿಯ ವಾಚಾಳಿ.

ಎದುರಿನವನಿಲ್ಲದೆಯೇ ಗೆದ್ದವರೂ ಇದ್ದಾರೆ. ‘ಲಂಚಾವತಾರ’ ನಾಟಕದ ಮಾಸ್ಟರ್ ಹಿರಣ್ಣಯ್ಯನವರು ನೇರವಾಗಿ ಪ್ರೇಕ್ಷಕರೊಡನೆ ಮಾತಿಗಿಳಿದು, ಅಂದಂದಿನ ರಾಜಕೀಯವನ್ನು ಅಲ್ಲಲ್ಲೇ ಮಾತಿಗೆ ಪೋಣಿಸುತ್ತಿದ್ದರು. ಅದು ಬೇರೆ ವಿದ್ಯೆ, ನನ್ನ ಕೈಗೆ ದಕ್ಕದ ವಿದ್ಯೆ. ಆದರೆ ಅವರಲ್ಲೂ ಎದುರಾಳಿ ಇಲ್ಲದಿರಲಿಲ್ಲ. ಅಧಿಕಾರದಲ್ಲಿದ್ದವರು ಆ ಸ್ಥಾನವನ್ನು ತುಂಬುತ್ತಿದ್ದರು ಎಂದು ನನ್ನ ತಿಳಿವಳಿಕೆ.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಅನೇಕ ಕಂಪನಿಗಳು ಒಂದರ ಪಕ್ಕ ಒಂದು ಟೆಂಟು ಹಾಕಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ. ಹಗಲಿನ ಆಟಕ್ಕೆ ಬರುವವರು ತೇರು, ಬಳೆ ಅಂಗಡಿ, ಮಿಠಾಯಿಗಳ ನಡುವೆ ಕಾಲು ಚಾಚಲು ಬಂದವರು. ಅವರಿಗೆ ಹಾಸ್ಯ ಬೇಗ ಬರಬೇಕು. ರಾತ್ರಿಯ ಆಟದವರು ಕಥೆಗಾಗಿ ಬಂದವರು, ತಡವಾದರೂ ಕಾಯುತ್ತಾರೆ. ಪಕ್ಕದ ಟೆಂಟಿನ ಮೈಕು ಕಿವಿಗೆ ಬೀಳುವಷ್ಟು ಹತ್ತಿರವಿರುವಾಗ ದ್ವಂದ್ವಾರ್ಥದ ಮಾತಿನಿಂದ ಜನರನ್ನು ಹಿಡಿದಿಡುವ ಒತ್ತಡ ಎಲ್ಲ ಹಾಸ್ಯಗಾರರ ಮೇಲೂ ಇರುತ್ತದೆ. ಅದರ ಬಗ್ಗೆ ನನ್ನ ತಕರಾರು ನೀತಿಯದಕ್ಕಿಂತ ಹೆಚ್ಚಾಗಿ ಕಸುಬಿನದು: ಅಂಥ ಮಾತಿಗೆ ಎದುರಿನವನ ಗಂಭೀರತೆ ಬೇಕಾಗುವುದೇ ಇಲ್ಲ, ಆದ್ದರಿಂದ ಎದುರಿನವನು ಕ್ರಮೇಣ ಅಭಿನಯಿಸುವುದನ್ನೇ ಬಿಟ್ಟು ಸುಮ್ಮನೆ ನಿಲ್ಲುತ್ತಾನೆ. ಒಂದು ಜಾತ್ರೆ ಮುಗಿಯುವಷ್ಟರಲ್ಲಿ ಒಳ್ಳೆಯ ನಾಟಕವೊಂದು ಹೀಗೆ ಸಡಿಲಾಗಿ ಹೋದದ್ದನ್ನು ನಾನು ಕಂಡಿದ್ದೇನೆ.

ಮಳೆಗಾಲದಲ್ಲಿ ಕಂಪನಿಯ ಕಲೆಕ್ಷನ್ ಇಳಿಯುತ್ತದೆ. ಆ ತಿಂಗಳುಗಳಲ್ಲಿ ನಾನು ಬೆಂಗಳೂರಿಗೆ ಬಂದು ಧಾರಾವಾಹಿಗಳಲ್ಲಿ, ಸಿನಿಮಾಗಳಲ್ಲಿ ಪೇದೆ, ಅಂಗಡಿಯವ, ಮದುವೆ ದಲ್ಲಾಳಿ ಮೊದಲಾದ ಸಣ್ಣ ಪಾತ್ರಗಳನ್ನು ಮಾಡತೊಡಗಿದೆ. ಕ್ಯಾಮೆರಾದ ಮುಂದೆ ನಗುವವರು ಯಾರೂ ಇಲ್ಲ. ನಗು ಬಂದರೂ ಲೈಟಿನವರು ಬಾಯಿಗೆ ಟವೆಲು ಒತ್ತಿಕೊಂಡು ನಿಲ್ಲಬೇಕು, ಇಲ್ಲವಾದರೆ ಟೇಕ್ ಹಾಳು. ಇಳಿಯುವ ನಗೆಯ ಮೇಲೆ ಮಾತು ಏರಿಸುವ ನನ್ನ ಅಭ್ಯಾಸವೆಲ್ಲ ಅಲ್ಲಿ ನಿರುಪಯೋಗಿ. ಬಾಲಂಗೋಚಿಗಳನ್ನು ನಿರ್ದೇಶಕರು ಮೊದಲ ದಿನವೇ ಕತ್ತರಿಸಿದರು. ಉಳಿದದ್ದು ಎದುರಿನವನ ಮುಖವೊಂದೇ.

ಆಗ ನಾನು ಕನ್ನಡದ ಹಿರಿಯ ನಟ ಟಿ.ಎನ್. ಬಾಲಕೃಷ್ಣ ಅವರ ಚಿತ್ರಗಳನ್ನು ಸದ್ದು ತೆಗೆದು ನೋಡಲು ಶುರುಮಾಡಿದೆ. ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆಯನ್ನು ಗಮನಿಸಿಯೇ ತಮ್ಮ ಮಾತಿನ ಸಮಯವನ್ನು ಹಿಡಿಯುತ್ತಿದ್ದರು. ಸದ್ದಿಲ್ಲದೆ ನೋಡಿದರೆ ಆ ಕಣ್ಣುಗಳ ದುಡಿಮೆ ಎದ್ದು ಕಾಣುತ್ತದೆ. ಅವು ಎದುರಿನವನನ್ನು ಒಂದು ಕ್ಷಣವೂ ಬಿಡುವುದಿಲ್ಲ, ಮತ್ತು ಹಾಗೆ ಬಿಡದೆ ನೋಡುವುದೇ ಕುತಂತ್ರಿಯ ಪಾತ್ರದಲ್ಲಿ ನಗೆಯಾಗುತ್ತದೆ, ‘ಬಂಗಾರದ ಮನುಷ್ಯ’ದ ರಾಚೂಟಪ್ಪನಲ್ಲಿ ಅಕ್ಕರೆಯಾಗುತ್ತದೆ. ಕ್ಯಾಮೆರಾ ಕೇಳುವುದು ಇದನ್ನೇ ಎಂದು ನನಗೆ ಮನದಟ್ಟಾಯಿತು.

ಅಲ್ಲಿಂದ ಮುಂದೆ ನನ್ನ ಕ್ಲೋಸಪ್ ತೆಗೆಯುವಾಗ ಎದುರಿನ ನಟರು ಕ್ಯಾಮೆರಾದ ಪಕ್ಕದಲ್ಲೇ ನಿಂತು ಪೂರ್ಣ ಭಾವದಿಂದ ತಮ್ಮ ಮಾತು ಹೇಳಬೇಕೆಂದು ವಿನಂತಿಸುತ್ತೇನೆ. ತಮ್ಮ ಶಾಟ್ ಮುಗಿದ ಕೂಡಲೇ ದೊಡ್ಡ ನಟರು ಹೊರಟುಹೋಗುವುದು ಸಾಮಾನ್ಯ. ಸಹಾಯಕ ನಿರ್ದೇಶಕರೊಬ್ಬರು ಅವರ ಮಾತನ್ನು ಏಕಸ್ವರದಲ್ಲಿ ಓದುತ್ತಾರೆ. ಹಾಗಾದಾಗ ಹಿಂದಿನ ಶಾಟಿನಲ್ಲಿ ಅವರು ಮಾತು ಮುಗಿಸಿದ ರೀತಿಯನ್ನು ನೆನಪಿಟ್ಟುಕೊಂಡು, ಅದೇ ಉಸಿರಿನಲ್ಲಿ ಓದಲು ಆ ಸಹಾಯಕರಿಗೆ ನಾನೇ ಹೇಳಿಕೊಡುತ್ತೇನೆ. ಪ್ರಾಂಪ್ಟರನಾಗಿದ್ದ ಕಾಲದ ಕಿವಿ ಇಲ್ಲಿ ನೆರವಿಗೆ ಬರುತ್ತದೆ. ನನ್ನ ಮಾತು ಮುಗಿದ ಮೇಲೂ ‘ಕಟ್’ ಹೇಳುವವರೆಗೆ ಅವರನ್ನು ನೋಡುವುದನ್ನು ಬಿಡುವುದಿಲ್ಲ. ಸಂಕಲನಕಾರರು ಎಷ್ಟೋ ಸಲ ಮಾತನ್ನು ಕೈಬಿಟ್ಟು ಆ ನೋಟವನ್ನಷ್ಟೇ ಉಳಿಸಿಕೊಂಡಿದ್ದಾರೆ.

ಎಲ್ಲಕ್ಕಿಂತ ಕಷ್ಟವಾದದ್ದು ಡಬ್ಬಿಂಗ್. ಗಾಜಿನ ಕೊಠಡಿಯಲ್ಲಿ ಜನರೂ ಇಲ್ಲ, ಜೊತೆಗಾರನೂ ಇಲ್ಲ. ಅಲ್ಲಿ ನಾನು ಕುಳಿತು ಮಾತಾಡುವುದಿಲ್ಲ. ಕುಳಿತರೆ ಹೊಟ್ಟೆ ಮಡಚಿ ದನಿ ಮೊಂಡಾಗುತ್ತದೆ. ಹೆಡ್‌ಫೋನಿನಲ್ಲಿ ನನ್ನ ಪೈಲಟ್ ದನಿಯನ್ನು, ಅಂದರೆ ಚಿತ್ರೀಕರಣದಲ್ಲೇ ದಾಖಲಾದ ದನಿಯನ್ನು, ತಗ್ಗಿಸಿ ಎದುರಿನವನದನ್ನು ಏರಿಸಲು ಸೌಂಡ್ ಇಂಜಿನಿಯರಿಗೆ ಹೇಳುತ್ತೇನೆ, ಮತ್ತು ಅವನ ಡಬ್ಬಿಂಗ್ ಮುಗಿದ ಮೇಲೆಯೇ ನನ್ನ ಸರದಿ ಹಾಕಬೇಕೆಂದು ಮ್ಯಾನೇಜರರಲ್ಲಿ ಮೊದಲೇ ಕೇಳಿಕೊಂಡಿರುತ್ತೇನೆ. ಅದಕ್ಕಾಗಿ ಬೆಂಗಳೂರಿನಲ್ಲಿ ಒಂದೆರಡು ದಿನ ಹೆಚ್ಚಿಗೆ ಉಳಿಯಬೇಕಾದರೂ, ಆ ಖರ್ಚು ನನ್ನದೇ ಆದರೂ, ಚಿಂತೆಯಿಲ್ಲ.