ಹೊರದೇಶದ ಮರೀನಾದಲ್ಲಿ ಹಾಯಿದೋಣಿಯನ್ನು ದಡಕ್ಕೆತ್ತಿಸುವ ಮುನ್ನ

ದೂರ ಸಂಚಾರದ ಹಾಯಿದೋಣಿ ಇಟ್ಟುಕೊಂಡವರು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅದನ್ನು ನೀರಿನಿಂದ ಮೇಲೆತ್ತಿಸಲೇಬೇಕಾಗುತ್ತದೆ. ತಳಕ್ಕೆ ಅಂಟಿದ ಪಾಚಿ ಮತ್ತು ಬಾರ್ನಕಲ್ ಎಂಬ ಚಿಪ್ಪುಜೀವಿಗಳನ್ನು ಕೆರೆದು, ಅವು ಮತ್ತೆ ಅಂಟದಂತೆ ತಡೆಯುವ ಆ್ಯಂಟಿಫೌಲಿಂಗ್ ಬಣ್ಣ ಬಳಿಯುವುದು, ಬೇರೆ ಲೋಹಭಾಗಗಳ ಬದಲು ತಾವು ಸವೆದು ಅವನ್ನು ಕಾಯುವ ಆ್ಯನೋಡ್ ಎಂಬ ಲೋಹದ ತುಂಡುಗಳನ್ನು ಬದಲಿಸುವುದು, ನೀರಿನ ಮಟ್ಟದ ಕೆಳಗಿರುವ ಸೀಕಾಕ್‌ಗಳನ್ನು (ತಳದ ರಂಧ್ರಗಳನ್ನು ಮುಚ್ಚಿ ತೆರೆಯುವ ಕವಾಟಗಳನ್ನು) ಬಿಚ್ಚಿ ನೋಡುವುದು, ಇವೆಲ್ಲ ದಡದ ಮೇಲೆಯೇ ಸರಿಯಾಗಿ ಆಗುವ ಕೆಲಸಗಳು. ಪರಿಚಯದ ಯಾರ್ಡ್‌ನಲ್ಲಿ (ದೋಣಿಗಳನ್ನು ದಡಕ್ಕೆತ್ತಿ ದುರಸ್ತಿ ಮಾಡುವ ಅಂಗಳದಲ್ಲಿ) ಒಂದು ಬೆಳಗಿನಲ್ಲಿ ಮುಗಿಯುವ ಎತ್ತುವಿಕೆ ಭಾಷೆ ಬಾರದ ಊರಿನಲ್ಲಿ ವಾರಗಟ್ಟಲೆ ಎಳೆಯುವುದುಂಟು. ದೋಣಿಯ ತಳ ಹೇಗಿದೆಯೆಂಬುದು ಅಲ್ಲಿ ನಿಮ್ಮೊಬ್ಬರಿಗೇ ಗೊತ್ತು, ಆ ಯಾರ್ಡಿನ ಪದ್ಧತಿ ಏನೆಂಬುದು ಅವರಿಗಷ್ಟೇ ಗೊತ್ತು, ಮತ್ತು ಇಬ್ಬರೂ ಎದುರಿನವರಿಗೆ ಇದು ತಿಳಿದೇ ಇರುತ್ತದೆಂದು ಸುಮ್ಮನಿರುತ್ತಾರೆ. ನಾನು ಪಟ್ಟ ಪಾಡಿನಲ್ಲಿ ಬಹುಪಾಲು ಈ ಮೌನದಿಂದಲೇ ಹುಟ್ಟಿದ್ದು. ಆದುದರಿಂದ ಮುಂದೆ ಹೇಳುವ ಪ್ರತಿಯೊಂದನ್ನೂ ಹೊರಡುವ ಮೊದಲೇ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯಿರಿ.

ಮೊದಲು ತೂಕ. ತಯಾರಕರ ಕೈಪಿಡಿಯಲ್ಲಿರುವ ತೂಕ ಖಾಲಿ ದೋಣಿಯದು. ಸಂಸಾರ ಹೂಡಿದ ದೋಣಿಯದಲ್ಲ. 400 ಲೀಟರ್ ನೀರು ಎಂದರೆ 400 ಕಿಲೋ, 300 ಲೀಟರ್ ಡೀಸೆಲ್ ಸುಮಾರು 250 ಕಿಲೋ, 10 ಮಿಲಿಮೀಟರ್ ದಪ್ಪದ 60 ಮೀಟರ್ ಲಂಗರು ಸರಪಳಿ 130 ಕಿಲೋಗೂ ಮೇಲೆ. ಇದಕ್ಕೆ ಬ್ಯಾಟರಿಗಳು, ಚಿಕ್ಕ ದೋಣಿ, ಉಪಕರಣಗಳು, ಡಬ್ಬಗಳಲ್ಲಿ ತುಂಬಿಟ್ಟ ಆಹಾರ ಸೇರಿದರೆ ಒಂದೆರಡು ಟನ್ ಹೆಚ್ಚಾಗುವುದು ಅಪರೂಪವೇನಲ್ಲ. ದೋಣಿಯನ್ನೆತ್ತುವ ಯಂತ್ರವಾದ ಲಿಫ್ಟ್‌ನ ಸಾಮರ್ಥ್ಯ ಯಾವ ಟನ್ನಿನಲ್ಲಿದೆಯೆಂದೂ ಕೇಳಬೇಕು, ಏಕೆಂದರೆ ಮೆಟ್ರಿಕ್ ಟನ್ 1000 ಕಿಲೋ ಆದರೆ ಅಮೆರಿಕದ ಟನ್ ಸುಮಾರು 907 ಕಿಲೋ ಮಾತ್ರ. ದೋಣಿಯ ಅಗಲವನ್ನೂ ಅದು ನೀರಿನೊಳಗೆ ಇಳಿಯುವ ಆಳವನ್ನೂ ತಿಳಿಸಿ; ಜೋಡಿ ಒಡಲಿನ ಕ್ಯಾಟಮರಾನ್ ಆಗಿದ್ದರೆ ಅಗಲವೇ ಮೊದಲ ಪ್ರಶ್ನೆ. ಲಿಫ್ಟ್ ನಿಲ್ಲುವ ಕಾಲುವೆಯ ಆಳವನ್ನು ಇಳಿತದ ವೇಳೆಗೆ ಎಷ್ಟಿರುತ್ತದೆಂದು ಕೇಳದೆ ಬರೀ ಆಳವೆಷ್ಟೆಂದು ಕೇಳಿದರೆ ಭರತದ ಅಳತೆಯೇ ಉತ್ತರವಾಗಿ ಬಂದೀತು, ಆಗ ದೋಣಿಯ ತಳದಿಂದ ಕೆಳಗೆ ಚಾಚಿದ ಭಾರದ ಭಾಗವಾದ ಕೀಲ್ ಕೆಸರಿನಲ್ಲಿ ಕೂತು ಮುಂದಿನ ಭರತಕ್ಕೆ ಕಾಯಬೇಕಾಗುತ್ತದೆ.

ದರದ ವಿಷಯದಲ್ಲಿ ಒಂದೇ ಮೊತ್ತವನ್ನು ಒಪ್ಪಿಕೊಳ್ಳಬೇಡಿ. ಎತ್ತುವುದು, ನೀರಿನ ಒತ್ತಡದಿಂದ ತೊಳೆಯುವುದು, ಆಧಾರ ಕೊಟ್ಟು ನಿಲ್ಲಿಸುವುದು, ದಿನದ ಬಾಡಿಗೆ, ವಿದ್ಯುತ್ತು, ನೀರು, ತ್ಯಾಜ್ಯ ವಿಲೇವಾರಿ, ಮತ್ತೆ ಇಳಿಸುವುದು, ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಇಲ್ಲ, ತೆರಿಗೆ ಒಳಗೋ ಹೊರಗೋ ಎಂಬುದು ಬಿಡಿಬಿಡಿಯಾಗಿ ಕಾಗದದ ಮೇಲಿರಲಿ. ಉದ್ದವನ್ನು ಯಾವ ತುದಿಯಿಂದ ಯಾವ ತುದಿಗೆ ಅಳೆಯುತ್ತಾರೆಂಬುದು ಇನ್ನೊಂದು ಮುಳ್ಳು. ಒಮ್ಮೆ ನನ್ನ ದೋಣಿಯ ಮುಂದೆ ಚಾಚಿಕೊಂಡ ಲಂಗರನ್ನೂ ಹಿಂದೆ ತೂಗುಹಾಕಿದ ರಬ್ಬರ್ ದೋಣಿಯನ್ನೂ ಸೇರಿಸಿ ಅಳೆದರು. ದಾಖಲೆಯಲ್ಲಿರುವುದಕ್ಕಿಂತ ಒಂದು ಮೀಟರಿಗೂ ಹೆಚ್ಚು ಉದ್ದದ ಬಾಡಿಗೆಯನ್ನು ಇಡೀ ತಿಂಗಳು ತೆತ್ತೆ. ಅಂದಿನಿಂದ ಅಳತೆಯ ದಿನ ರಬ್ಬರ್ ದೋಣಿಯನ್ನು ಡೆಕ್ಕಿನ ಮೇಲೆ ಮಗುಚಿ ಕಟ್ಟಿರುತ್ತೇನೆ.

ನಿಮ್ಮ ತಳಕ್ಕೆ ನೀವೇ ಬಣ್ಣ ಬಳಿಯಬಹುದೇ, ಹೊರಗಿನ ಕುಶಲಕರ್ಮಿಯನ್ನು ಕರೆತಂದರೆ ಶುಲ್ಕವಿದೆಯೇ, ದೋಣಿ ದಡದ ಮೇಲಿರುವಾಗ ಅದರಲ್ಲೇ ಮಲಗಬಹುದೇ ಎಂಬ ಮೂರು ಪ್ರಶ್ನೆಗಳನ್ನು ಮರೆಯದಿರಿ. ಎಷ್ಟೋ ಯಾರ್ಡ್‌ಗಳಲ್ಲಿ ಇವಕ್ಕೆಲ್ಲ ನಿಷೇಧವಿರುತ್ತದೆ, ಅದು ತಿಳಿಯುವುದು ದೋಣಿ ಮೇಲೇರಿದ ಮೇಲೆ. ಮೂರನೆಯವರಿಗಾಗುವ ಹಾನಿಯ ವಿಮೆಯ ಪ್ರಮಾಣಪತ್ರವನ್ನು ಅಲ್ಲಿಯ ಭಾಷೆಯಲ್ಲಿಯೂ ಕೊಡಿರೆಂದು ವಿಮಾ ಕಂಪನಿಯನ್ನು ಮೊದಲೇ ಕೇಳಿಕೊಂಡಿದ್ದರೆ ಕಚೇರಿಯ ಕಿಟಕಿಯ ಮುಂದೆ ಕಾಯುವ ಒಂದು ದಿನ ಉಳಿತಾಯವಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಟ್ರಾವೆಲ್ ಲಿಫ್ಟ್ ಎಂದರೆ ಕಾಲುವೆಯ ಎರಡೂ ದಡಗಳ ಮೇಲೆ ಗಾಲಿಯೂರಿ ನಡೆಯುವ ದೊಡ್ಡ ಚೌಕಟ್ಟು. ಅದರಿಂದ ಇಳಿಬಿಟ್ಟ ಎರಡು ಅಗಲ ಪಟ್ಟಿಗಳು ದೋಣಿಯನ್ನು ತೊಟ್ಟಿಲಿನಂತೆ ಹೊರುತ್ತವೆ. ಆ ಪಟ್ಟಿಗಳು ಎಲ್ಲಿ ಕೂರಬೇಕೆಂಬುದು ನೀರಿನ ಮೇಲಿಂದ ಯಾರಿಗೂ ಕಾಣುವುದಿಲ್ಲ. ಹಿಂದಿನ ಪಟ್ಟಿ ಪ್ರೊಪೆಲ್ಲರ್ ಶಾಫ್ಟ್, ಸೇಲ್‌ಡ್ರೈವ್ (ತಳದಿಂದ ಕೆಳಗಿಳಿದು ಪ್ರೊಪೆಲ್ಲರನ್ನು ತಿರುಗಿಸುವ ಕಾಲು) ಅಥವಾ ಚುಕ್ಕಾಣಿಯ ಮೇಲೆ ಬಿದ್ದರೆ ಕೆಲವೇ ಕ್ಷಣಗಳಲ್ಲಿ ಸಾವಿರಾರು ಕಿಲೋ ಭಾರ ಅದರ ಮೇಲೆ ಕೂರುತ್ತದೆ. ಮುಂದಿನ ಪಟ್ಟಿ ವೇಗಮಾಪಕದ ಪುಟ್ಟ ಚಕ್ರವನ್ನು ಮುರಿಯುತ್ತದೆ. ಕಳೆದ ಬಾರಿ ದೋಣಿ ಪಟ್ಟಿಗಳಲ್ಲಿ ತೂಗುತ್ತಿದ್ದಾಗ ಎರಡೂ ಬದಿಯಿಂದ ತೆಗೆದ ಫೋಟೊ, ಮತ್ತು ಕೀಲ್, ಶಾಫ್ಟ್, ಚುಕ್ಕಾಣಿ, ಸಂವೇದಕಗಳನ್ನು ಗುರುತಿಸಿದ ಪಕ್ಕನೋಟದ ಚಿತ್ರ ನಿಮ್ಮ ಬಳಿ ಇರಲೇಬೇಕು. ಅದನ್ನು ಮುದ್ರಿಸಿ, ಒದ್ದೆಯಾಗದಂತೆ ಪ್ಲಾಸ್ಟಿಕ್ ಹೊದಿಸಿ, ಲಿಫ್ಟ್ ನಡೆಸುವವರ ಕೈಗೇ ಕೊಡಿ. ಕಚೇರಿಗೆ ಕಳಿಸಿದ ಇಮೇಲ್ ಅವರವರೆಗೆ ತಲುಪಿದೆಯೆಂದು ನಂಬಬೇಡಿ. ದೋಣಿಯ ಅಂಚಿನಲ್ಲಿ ಪಟ್ಟಿ ಬರಬೇಕಾದ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿದರೆ ಭಾಷೆಯೇ ಬೇಕಾಗುವುದಿಲ್ಲ.

ಒಂದು ಮರೀನಾದಲ್ಲಿ ಹಿಂದಿನ ಪಟ್ಟಿ ಬಿಗಿಯಾಗತೊಡಗಿದಾಗ ನನ್ನ ಟೇಪಿನಿಂದ ಅದು ಎರಡು ಗೇಣು ಹಿಂದಿತ್ತು. ನಾನು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ನಿಂತೆ. ಲಿಫ್ಟ್ ನಡೆಸುತ್ತಿದ್ದ ಹಿರಿಯರು ತಕ್ಷಣ ನಿಲ್ಲಿಸಿ, ಇಳಿದು ಬಂದು, ಚಿತ್ರವನ್ನು ದೋಣಿಯ ಪಕ್ಕಕ್ಕೆ ಹಿಡಿದು ನೋಡಿ, ಬೆರಳಿನಿಂದ ಶಾಫ್ಟಿನ ಗೆರೆಯನ್ನು ಮುಟ್ಟಿ ತಲೆಯಾಡಿಸಿದರು. ಪಟ್ಟಿ ಮುಂದಕ್ಕೆ ಬಂತು. ಎತ್ತುವ ಮೊದಲೇ ನಿಲ್ಲಿಸುವ ಸನ್ನೆ ಯಾವುದೆಂದು ಇಬ್ಬರೂ ಒಪ್ಪಿಕೊಂಡಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಎರಡು ಪಟ್ಟಿಗಳೂ ಜಾರಿ ದೂರ ಸರಿಯದಂತೆ ಅವನ್ನು ಎರಡೂ ಬದಿಗಳಲ್ಲಿ ಹಗ್ಗದಿಂದ ಒಂದಕ್ಕೊಂದು ಕಟ್ಟಿಸಿ.

ದೋಣಿಯನ್ನು ಮುಂದುಮುಂದಾಗಿ ಒಳತರಬೇಕೋ ಹಿಂದುಹಿಂದಾಗಿಯೋ ಎಂಬುದನ್ನೂ ಕೇಳಿ. ಲಿಫ್ಟ್‌ನ ಅಡ್ಡತೊಲೆಗೆ, ಹಾಯಿಕಂಬವನ್ನು ಮುಂದಿನಿಂದ ಹಿಡಿದ ತಂತಿಯಾದ ಫೋರ್‌ಸ್ಟೇಯೋ ಹಿಂದಿನಿಂದ ಹಿಡಿದ ಬ್ಯಾಕ್‌ಸ್ಟೇಯೋ ತಗಲುವಂತಿದ್ದರೆ ಅದನ್ನು ಸಡಿಲಿಸಬೇಕಾಗುತ್ತದೆ. ಅದು ಹಿಂದಿನ ದಿನದ ನಿಧಾನದ ಕೆಲಸ, ಗಾಳಿ ಬೀಸುವಾಗ ಕಾಲುವೆಯಲ್ಲಿ ನಿಂತು ಮಾಡುವ ಕೆಲಸವಲ್ಲ.

ದಿನಾಂಕ ಮುಂದೂಡಲ್ಪಡುತ್ತದೆ. ಗಾಳಿ ಜೋರಾದರೆ ಲಿಫ್ಟ್ ನಿಲ್ಲುತ್ತದೆ, ಹಬ್ಬದ ರಜೆ ಬರುತ್ತದೆ, ಲಿಫ್ಟ್ ನಡೆಸುವ ಪರವಾನಗಿ ಇರುವವರು ಇಡೀ ಯಾರ್ಡಿಗೆ ಒಬ್ಬರೇ ಇರುವುದುಂಟು. ಆದ್ದರಿಂದ ವಿಮಾನದ ಟಿಕೆಟ್ಟನ್ನು ಎತ್ತುವ ದಿನದ ಮರುದಿನಕ್ಕೆ ಮಾಡಿಸಲೇಬೇಡಿ. ಕನಿಷ್ಠ ಒಂದು ವಾರದ ಅಂತರವಿರಲಿ.

ಕಾನೂನಿನ ಗಡಿಯಾರ ಮಾತ್ರ ಯಾರ್ಡಿಗಾಗಿ ಕಾಯುವುದಿಲ್ಲ. ಒಳಗಡಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ಪ್ರದೇಶದಲ್ಲಿ ಅಲ್ಪಾವಧಿಗೆ ಬಂದವರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಐರೋಪ್ಯ ಒಕ್ಕೂಟದ ಹೊರಗಿನವರ ಹೊರಗಿನ ನೋಂದಣಿಯ ದೋಣಿಗೆ ತೆರಿಗೆ ಇಲ್ಲದೆ ಸಾಮಾನ್ಯವಾಗಿ 18 ತಿಂಗಳ ಅವಕಾಶವಿದೆ. ಇವು ಎರಡೂ ಬೇರೆಬೇರೆ ಲೆಕ್ಕಗಳು, ಒಂದನ್ನು ನೋಡಿ ಇನ್ನೊಂದನ್ನು ಮರೆಯುವವರೇ ಹೆಚ್ಚು. ಕೆರಿಬಿಯನ್ನಿನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಕಾಲಕ್ಕೆ ದೋಣಿ ಬಿಡುವವರು, ಯಾವ ಅಕ್ಷಾಂಶದವರೆಗೆ ರಕ್ಷಣೆಯಿದೆ, ದೋಣಿಯನ್ನು ನೆಲಕ್ಕೆ ಬಿಗಿದಿರಬೇಕೇ ಎಂಬುದನ್ನು ವಿಮಾ ಕರಾರಿನಲ್ಲಿ ಓದಿಕೊಂಡೇ ಯಾರ್ಡ್ ಆರಿಸಬೇಕು. ನ್ಯೂಜಿಲೆಂಡಿಗೆ ಹೋಗುವವರಿಗೆ 2018ರಿಂದ ತಳ ಸ್ವಚ್ಛವಾಗಿಯೇ ಬರಬೇಕೆಂಬ ನಿಯಮವಿರುವುದರಿಂದ, ತೊಳೆಸಿದ ಮತ್ತು ಬಣ್ಣ ಹಾಕಿಸಿದ ರಸೀದಿ, ದಿನಾಂಕವಿರುವ ಫೋಟೊಗಳು ಬಣ್ಣದಷ್ಟೇ ಬೆಲೆಬಾಳುತ್ತವೆ.

ದೋಣಿ ಮೇಲೆ ಬಂದ ಕೂಡಲೇ, ತಳ ಇನ್ನೂ ಒದ್ದೆಯಿರುವಾಗಲೇ ತೊಳೆಸಿ. ಒಣಗಿದ ಬಾರ್ನಕಲ್ ಕಲ್ಲಿನಂತೆ ಕೂರುತ್ತದೆ. ನಿಲ್ಲಿಸುವಾಗ ಭಾರವೆಲ್ಲ ಕೀಲ್‌ನ ಕೆಳಗಿನ ಮರದ ದಿಮ್ಮಿಗಳ ಮೇಲಿರಬೇಕು, ಪಕ್ಕದ ಸ್ಟ್ಯಾಂಡ್‌ಗಳು ವಾಲದಂತೆ ಹಿಡಿದಿರುವುದಕ್ಕೆ ಮಾತ್ರ. ಎದುರುಬದುರಿನ ಸ್ಟ್ಯಾಂಡ್‌ಗಳನ್ನು ಸರಪಳಿಯಿಂದ ಜೋಡಿಸಿದ್ದಾರೆಯೇ ನೋಡಿ, ಮತ್ತು ಬಣ್ಣಕ್ಕಾಗಿ ಒಂದನ್ನೂ ನೀವಾಗಿ ಸರಿಸಬೇಡಿ. ಹಾಯಿಗಳನ್ನು ಬಿಚ್ಚಿ ಒಳಗಿಡಿ, ಸುರುಳಿ ಬಿಚ್ಚಿಕೊಂಡ ಒಂದು ಮುಂಗಡೆಯ ಹಾಯಿ ಇಡೀ ದೋಣಿಯನ್ನು ಉರುಳಿಸಬಲ್ಲದು. ತಾಮ್ರ ಬೆರೆತ ಆ್ಯಂಟಿಫೌಲಿಂಗನ್ನು ಅಲ್ಯುಮಿನಿಯಂ ಸೇಲ್‌ಡ್ರೈವ್‌ಗೆ ಬಳಿಯಲು ಬಿಡಬೇಡಿ, ಲೋಹ ತಿಂದುಹೋಗುತ್ತದೆ. ಆ್ಯನೋಡ್‌ಗೆ ಯಾವ ಬಣ್ಣವೂ ತಾಗಬಾರದು. ಉಪ್ಪುನೀರಿಗೆ ಸತುವಿನ ಆ್ಯನೋಡ್, ಸಿಹಿನೀರಿಗೆ ಮೆಗ್ನೀಸಿಯಂ ಎಂಬುದನ್ನು ಅಂಗಡಿಯವರು ಕೊಟ್ಟ ಪೊಟ್ಟಣದ ಮೇಲೆ ಓದಿಯೇ ಖಾತ್ರಿಪಡಿಸಿಕೊಳ್ಳಿ.

ಇಳಿಸುವ ದಿನಾಂಕವನ್ನು ಎತ್ತಿದ ದಿನವೇ ಕಾದಿರಿಸಿ. ಸ್ಟ್ಯಾಂಡ್‌ಗಳ ಕೆಳಗೆ ಬಣ್ಣ ತಾಗದ ತೇಪೆಗಳಿಗಾಗಿ ದೋಣಿಯನ್ನು ಪಟ್ಟಿಗಳಲ್ಲೇ ಕೆಲವು ಗಂಟೆ ತೂಗಿಸಿಡಲು ಸಾಧ್ಯವೇ ಎಂದು ಕೇಳಿದರೆ, ಹಿಂದಿನ ಸಂಜೆಯೇ ಎತ್ತಿಟ್ಟು ರಾತ್ರಿಯಿಡೀ ಬಿಡಲು ಕೆಲವರು ಒಪ್ಪುತ್ತಾರೆ. ನೀರು ಮುಟ್ಟಿದ ಮೇಲೆ ಪಟ್ಟಿ ಸಡಿಲವಾಗುವವರೆಗೆ ಇಳಿಸಿ, ಕಳಚುವ ಮೊದಲು ನಿಲ್ಲಿಸಲು ಹೇಳಿ. ನೆಲಹಲಗೆಗಳನ್ನು ತೆಗೆದು ಟಾರ್ಚಿನ ಬೆಳಕಿನಲ್ಲಿ ಪ್ರತಿ ಸೀಕಾಕ್, ಪ್ರತಿ ಕೊಳವೆಯ ಬುಡವನ್ನು ಒಣ ಬೆರಳಿನಿಂದ ಮುಟ್ಟಿ ನೋಡಿ; ಶಾಫ್ಟಿನ ರಬ್ಬರ್ ಸೀಲನ್ನು ಒತ್ತಿ ಒಳಗಿನ ಗಾಳಿಯನ್ನು ಹೊರಬಿಡಿ, ನೀರು ಚಿಮ್ಮಿದರೆ ಸರಿ. ಕಾಯುತ್ತಿರುವವರು ಅವಸರಪಡಿಸಿದರೂ ಬೆರಳು ಒದ್ದೆಯಾಗದೆ ಹತ್ತು ನಿಮಿಷ ಕಳೆದ ಮೇಲೆಯೇ ಪಟ್ಟಿ ಬಿಡಿಸಲು ಕೈಸನ್ನೆ ಮಾಡಿ.